ಗೆಳೆಯರಿಂದ ಕೈಸಾಲ: ಕೇಳುವ ಮುನ್ನ ಗೊತ್ತುಮಾಡಿಕೊಳ್ಳಬೇಕಾದ ಮಾತುಗಳು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವವರಿಗೆ ಎದುರಾಗುವ ಮೊದಲ ಕಷ್ಟವೆಂದರೆ ಅಡ್ವಾನ್ಸ್. ಹೊಸ ಮನೆಯ ಮಾಲೀಕರು ಐದಾರು ತಿಂಗಳಿಂದ ಹತ್ತು ತಿಂಗಳವರೆಗಿನ ಬಾಡಿಗೆಯನ್ನು ಬೀಗದ ಕೈ ಕೊಡುವ ಮುನ್ನವೇ ಕೇಳುತ್ತಾರೆ. ಹಳೆಯ ಮನೆಯ ಅಡ್ವಾನ್ಸ್ ಮಾತ್ರ ಮನೆ ಖಾಲಿ ಮಾಡಿದ ಮೇಲೆ, ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಎಷ್ಟೋ ಸಲ ತಡವಾಗಿ ಕೈಸೇರುತ್ತದೆ. ಈ ನಡುವಿನ ದಿನಗಳಿಗಾಗಲಿ, ಮೇ–ಜೂನ್ ತಿಂಗಳ ಶಾಲಾ ಶುಲ್ಕಕ್ಕಾಗಲಿ, ಬ್ಯಾಂಕಿಗಿಂತ ಮೊದಲು ಗೆಳೆಯರ ನೆನಪಾಗುವುದು ಸಹಜ, ಅದರಲ್ಲಿ ತಪ್ಪೂ ಇಲ್ಲ. ಆದರೆ ಹಣವನ್ನು ಯಾವಾಗ, ಹೇಗೆ ಹಿಂದಿರುಗಿಸಬೇಕೆಂಬುದನ್ನು ಗೊತ್ತುಮಾಡುವ ಹೊಣೆ ಕೇಳುವವರದು ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಕೊಡುವವರು ಸಂಕೋಚದಿಂದ ‘ಆದಾಗ ಕೊಡು, ಅವಸರವೇನಿಲ್ಲ’ ಎಂದೇ ಹೇಳುತ್ತಾರೆ. ಆ ಮಾತನ್ನೇ ವಾಯಿದೆ ಎಂದು ಭಾವಿಸಿದರೆ ಮುಂದೆ ಮನಸ್ತಾಪ ತಪ್ಪಿದ್ದಲ್ಲ.

ಕೇಳುವ ಮುನ್ನ ನಿಮ್ಮ ತಿಂಗಳ ಲೆಕ್ಕವನ್ನು ಬರೆದು ನೋಡಿ. ಕೈಗೆ ಬರುವ ಸಂಬಳದಲ್ಲಿ ಬಾಡಿಗೆ, ದಿನಸಿ, ಈಗಾಗಲೇ ಕಟ್ಟುತ್ತಿರುವ ಇಎಂಐ, ಊರಿಗೆ ಕಳುಹಿಸುವ ಹಣ ಇವೆಲ್ಲ ಕಳೆದ ಮೇಲೆ ಅತ್ಯಂತ ಬಿಗಿಯಾದ ತಿಂಗಳಲ್ಲಿಯೂ ಎಷ್ಟು ಉಳಿಯುತ್ತದೆಯೋ ಅದಕ್ಕಿಂತ ದೊಡ್ಡ ಕಂತನ್ನು ಒಪ್ಪಿಕೊಳ್ಳಬೇಡಿ. ‘ಹಳೆಯ ಅಡ್ವಾನ್ಸ್ ಬಂದ ಕೂಡಲೇ’, ‘ಚೀಟಿ ಎತ್ತಿದ ಮೇಲೆ’, ‘ಬೋನಸ್ ಬಂದಾಗ’ ಎಂಬ ಮಾತುಗಳು ನಿಮ್ಮ ಹಿಡಿತದಲ್ಲಿಲ್ಲದ ಹಣವನ್ನು ನಂಬಿದಂತೆ. ಅಂಥ ಹಣ ಬಂದರೆ ಸಾಲವನ್ನು ಬೇಗ ತೀರಿಸಬಹುದು, ಆದರೆ ವಾಯಿದೆಯನ್ನು ಸಂಬಳದ ಮೇಲೆಯೇ ನಿಲ್ಲಿಸಬೇಕು.

ಕೇಳುವಾಗ ನಾಲ್ಕು ಜನರ ಎದುರಿಗೆ ಕೇಳಬೇಡಿ. ಎಷ್ಟು ಹಣ, ಯಾವುದಕ್ಕೆ, ಎಂದಿನಿಂದ ಎಂದಿನವರೆಗೆ ತೀರಿಸುವಿರಿ ಎಂಬುದನ್ನು ಒಂದೇ ಸಲಕ್ಕೆ ತಿಳಿಸಿ, ‘ಮನೆಯಲ್ಲಿ ಮಾತನಾಡಿ ಎರಡು ದಿನ ಬಿಟ್ಟು ಹೇಳು, ಆಗದಿದ್ದರೆ ಖಂಡಿತ ಬೇಸರವಿಲ್ಲ’ ಎಂದು ಸೇರಿಸಿ. ಗೆಳೆಯನ ಹೆಂಡತಿಗೋ ಗೆಳತಿಯ ಗಂಡನಿಗೋ ತಿಳಿಯದಂತೆ ಪಡೆದ ಸಾಲ ಇನ್ನೊಬ್ಬರ ಮನೆಯಲ್ಲಿ ಜಗಳಕ್ಕೆ ಕಾರಣವಾಗಬಹುದು, ಅದು ನ್ಯಾಯವಲ್ಲ.

ಬಡ್ಡಿಯ ಮಾತನ್ನು ನೀವೇ ಎತ್ತಬೇಕು. ನಮ್ಮಲ್ಲಿ ‘ನೂರಕ್ಕೆ ಎರಡು ರೂಪಾಯಿ’ ಎಂಬುದು ಸಣ್ಣ ಬಡ್ಡಿಯಂತೆ ಕೇಳಿಸುತ್ತದೆ, ಆದರೆ ಅದು ತಿಂಗಳ ಲೆಕ್ಕ; ವರ್ಷಕ್ಕೆ ಶೇಕಡಾ 24 ಆಗುತ್ತದೆ. ಗೆಳೆಯರ ನಡುವೆ ನ್ಯಾಯವಾದ ಅಳತೆ ಬೇರೆಯದು: ನಿಮಗೆ ಕೊಟ್ಟದ್ದರಿಂದ ಅವರು ಕಳೆದುಕೊಳ್ಳುವುದೆಷ್ಟು? ಗೆಳತಿಯೊಬ್ಬರು ಶೇಕಡಾ 7ರ ಎಫ್‌ಡಿ ಮುರಿದು 60,000 ರೂಪಾಯಿ ಕೊಟ್ಟರು, ನೀವು ತಿಂಗಳಿಗೆ 10,000ದಂತೆ ಆರು ತಿಂಗಳಲ್ಲಿ ತೀರಿಸುವಿರಿ ಎಂದಿಟ್ಟುಕೊಳ್ಳಿ. ಉಳಿಕೆಯ ಅಸಲು ತಿಂಗಳು ತಿಂಗಳೂ ಇಳಿಯುತ್ತ ಹೋಗುವುದರಿಂದ ಒಟ್ಟು ಬಡ್ಡಿ 1,225 ರೂಪಾಯಿ ಮಾತ್ರ. ಇದಕ್ಕೆ ಅವಧಿಗೆ ಮುನ್ನ ಎಫ್‌ಡಿ ಮುರಿದದ್ದಕ್ಕೆ ಬ್ಯಾಂಕು ಕಡಿತ ಮಾಡಿದ್ದನ್ನೂ ಸೇರಿಸಿ ಕೊಟ್ಟರೆ ಅವರಿಗೆ ನಷ್ಟವಿಲ್ಲ, ನಿಮಗೆ ಭಾರವೂ ಇಲ್ಲ. ಬಡ್ಡಿ ಬೇಡವೇ ಬೇಡ ಎಂದು ಅವರು ಹೇಳಿದರೆ ಒತ್ತಾಯಿಸದೆ ಒಪ್ಪಿಕೊಳ್ಳಿ.

ಹಣ ಖಾತೆಯಿಂದ ಖಾತೆಗೇ ಬರಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವುದನ್ನೂ ನಗದಿನಲ್ಲಿ ತೀರಿಸುವುದನ್ನೂ ಆದಾಯ ತೆರಿಗೆ ಕಾನೂನು ನಿಷೇಧಿಸಿದ್ದು, ಮೀರಿದರೆ ಆ ಮೊತ್ತದಷ್ಟೇ ದಂಡ ಬೀಳಬಹುದು. ವರ್ಗಾವಣೆಯ ಟಿಪ್ಪಣಿಯಲ್ಲಿ ‘ಕೈಸಾಲ’ ಎಂದು ಬರೆಸಿ, ಏಕೆಂದರೆ ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದ ಉಡುಗೊರೆಗೆ ತೆರಿಗೆಯಿದೆ, ಬಂದದ್ದು ಉಡುಗೊರೆಯಲ್ಲ ಎಂದು ತೋರಿಸಲು ಆ ಒಂದು ಪದ ನೆರವಾಗುತ್ತದೆ.

ಹಣ ಬಂದ ದಿನವೇ ಒಂದು ವಾಟ್ಸಾಪ್ ಸಂದೇಶವನ್ನು ನೀವೇ ಕಳುಹಿಸಿ: ‘ಇಂದು ಜೂನ್ 3ರಂದು ನಿನ್ನಿಂದ 60,000 ರೂಪಾಯಿ ಕೈಸಾಲ ನನ್ನ ಖಾತೆಗೆ ಬಂದಿದೆ. ಜುಲೈನಿಂದ ಡಿಸೆಂಬರ್‌ವರೆಗೆ ಪ್ರತಿ ತಿಂಗಳು 5ನೇ ತಾರೀಖಿನೊಳಗೆ 10,000ದಂತೆ ನಿನ್ನ ಖಾತೆಗೆ ಹಾಕುತ್ತೇನೆ. ಬಡ್ಡಿ 1,225 ರೂಪಾಯಿಯನ್ನು ಕೊನೆಯ ಕಂತಿನ ಜೊತೆ ಕೊಡುತ್ತೇನೆ. ನಡುವೆ ನಿನಗೇ ತುರ್ತು ಬಂದರೆ ಒಂದು ತಿಂಗಳು ಮೊದಲು ಹೇಳು, ಉಳಿದದ್ದನ್ನು ಹೊಂದಿಸುತ್ತೇನೆ.’ ಅವರಿಂದ ‘ಸರಿ’ ಎಂಬ ಉತ್ತರ ಬರುವವರೆಗೆ ಮಾತು ಮುಗಿದಿಲ್ಲವೆಂದೇ ತಿಳಿಯಿರಿ.

ಮೊತ್ತ ಲಕ್ಷಗಳಲ್ಲಿದ್ದರೆ ಸಂದೇಶ ಸಾಲದು, ಕಾಗದವೇ ಬೇಕು. ಕೇಳಿದಾಗ ಕೊಡುವೆನೆಂದು ಬರೆಯುವ ಪ್ರೋನೋಟಿಗೆ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಮಾಡುವುದು ರೂಢಿ. ಸ್ಟಾಂಪಿಲ್ಲದ ಪ್ರೋನೋಟನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಬಡ್ಡಿಯ ದರವನ್ನು ಖಾಲಿ ಬಿಡಬೇಡಿ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಂತೆ, ದರ ನಮೂದಿಸದ ಪ್ರೋನೋಟಿಗೆ ಹಣ ಸಲ್ಲಬೇಕಾದ ದಿನದಿಂದ ವರ್ಷಕ್ಕೆ ಶೇಕಡಾ 18 ಬಡ್ಡಿ ಲೆಕ್ಕವಾಗುತ್ತದೆ. ಬಡ್ಡಿಯಿಲ್ಲದ ಸಾಲವಾದರೆ ಅದನ್ನೂ ಸ್ಪಷ್ಟವಾಗಿ ಬರೆಯಿರಿ. ಭದ್ರತೆಗೆಂದು ಖಾಲಿ ಚೆಕ್ಕಿಗೆ ಸಹಿ ಹಾಕಿಕೊಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬೌನ್ಸ್ ಆಗಿ, ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕೊಡದಿದ್ದರೆ ಅದೇ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಪ್ರಕರಣವಾಗುತ್ತದೆ.

ಕಂತು ತಪ್ಪುವ ಸೂಚನೆ ಕಂಡರೆ ತಾರೀಖಿಗೆ ಒಂದು ವಾರ ಮೊದಲೇ ಫೋನು ಮಾಡಿ ತಿಳಿಸಿ. ಆದಷ್ಟು ಹಣವನ್ನು ಅಂದೇ ಹಾಕಿ, ಉಳಿದದ್ದಕ್ಕೆ ಹೊಸ ತಾರೀಖು ಹೇಳಿ, ಅದನ್ನು ಮತ್ತೆ ಸಂದೇಶದಲ್ಲಿ ಬರೆಯಿರಿ. ಸಾಲ ಕೊಟ್ಟವರೂ ಒಂದು ಸಂಗತಿ ಅರಿತಿರಬೇಕು: ವಾಯಿದೆಯಿಲ್ಲದ ಕೈಸಾಲಕ್ಕೆ ದಾವೆ ಹೂಡಲು ಕೊಟ್ಟ ದಿನದಿಂದ ಮೂರು ವರ್ಷ ಮಾತ್ರ ಅವಕಾಶ. ಆ ಅವಧಿ ಮುಗಿಯುವ ಮುನ್ನ, ಸಾಲ ಇನ್ನೂ ಬಾಕಿಯಿದೆ ಎಂದು ಪಡೆದವರು ಬರೆದು ಸಹಿ ಮಾಡಿಕೊಟ್ಟರೆ ಮೂರು ವರ್ಷ ಹೊಸದಾಗಿ ಆರಂಭವಾಗುತ್ತದೆ. ಗೆಳೆಯರು ಅಂಥ ಪತ್ರ ಕೇಳಿದರೆ ಅವಮಾನವೆಂದು ಬಗೆಯದೆ ಬರೆದುಕೊಡಿ.

ಕೊನೆಯ ಕಂತು ಸಂದ ದಿನ ‘ಅಸಲು, ಬಡ್ಡಿ ಪೂರ್ತಿ ಸಂದಿದೆ, ಬಾಕಿ ಏನೂ ಇಲ್ಲ’ ಎಂಬ ಉತ್ತರವನ್ನು ಪಡೆದು, ಪ್ರೋನೋಟು ಕೊಟ್ಟಿದ್ದರೆ ಮೂಲ ಪ್ರತಿಯನ್ನೇ ಹಿಂದಕ್ಕೆ ಪಡೆಯಿರಿ.