ಇಬ್ಬನಿ ಬಿದ್ದ ಗದ್ದೆಯಲ್ಲಿ ರಾತ್ರಿ ಬೌಲಿಂಗ್: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕಡೆಯ ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್ ಲೀಗ್‌ಗಳಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಬೌಲರ್ ಮೊದಲು ಲೆಕ್ಕ ಹಾಕಬೇಕಾದದ್ದು ಇಬ್ಬನಿಯನ್ನು. ಆಕಾಶ ಶುಭ್ರವಾಗಿದ್ದು ಗಾಳಿ ಇಲ್ಲದಿದ್ದರೆ ನೆಲ ಬೇಗ ತಣಿಯುತ್ತದೆ, ಇಬ್ಬನಿ ದಟ್ಟವಾಗಿ ಇಳಿಯುತ್ತದೆ. ಪದವಿನ (ಎತ್ತರದ ಬಯಲು ಜಾಗದ) ಮೈದಾನಕ್ಕಿಂತ ಬೈಲಿನ (ತಗ್ಗಿನ) ಗದ್ದೆಯಲ್ಲಿ ಇದು ಹೆಚ್ಚು. ತಣ್ಣನೆಯ ಗಾಳಿ ತಗ್ಗಿಗೆ ಬಂದು ನಿಲ್ಲುತ್ತದೆ, ಸುತ್ತ ಅಡಿಕೆ ತೋಟ ಇದ್ದರೆ ಬೀಸಿ ಹೋಗಲು ದಾರಿಯೂ ಇರುವುದಿಲ್ಲ.

ಒಣಗಿದ ಟೆನಿಸ್ ಚೆಂಡು 56ರಿಂದ 59.4 ಗ್ರಾಂ ತೂಗುತ್ತದೆ. ನಮ್ಮಲ್ಲಿ ಆಡುವ ಹೆವಿ ಬಾಲ್ ಇನ್ನೂ ಭಾರ. ಯಾವುದೇ ಆಗಲಿ, ಮೇಲಿನ ಬಟ್ಟೆ ನೀರು ಕುಡಿದ ಮೇಲೆ ಅದು ಬೇರೆಯೇ ಚೆಂಡು. ಪುಟಿತ ಕಡಿಮೆಯಾಗುತ್ತದೆ, ನೆಲ ತಾಗಿದೊಡನೆ ಜಾರಿಕೊಂಡು ಮುಂದೆ ಬರುತ್ತದೆ, ಬೆರಳಿನ ಹಿಡಿತ ಸಿಗುವುದಿಲ್ಲ. ಬೆರಳಲ್ಲಿ ಒತ್ತಿ ಚಿಮ್ಮಿಸುವ ಸ್ಪಿನ್ ಮೊದಲು ಕೈಕೊಡುವುದು ಇದೇ ಕಾರಣಕ್ಕೆ. ಚೆಂಡು ತಿರುಗದೆ ಹಾಗೇ ಕೈಯಿಂದ ಕಳಚಿಕೊಳ್ಳುತ್ತದೆ.

ಅದಕ್ಕಾಗಿ ನಾನು ಲೆಂತ್, ಅಂದರೆ ಚೆಂಡು ಪಿಚ್ಚಿನಲ್ಲಿ ಬೀಳುವ ಜಾಗ, ಬದಲಾಯಿಸುತ್ತೇನೆ. ಒಣ ಚೆಂಡಿನಲ್ಲಿ ಗುಡ್ ಲೆಂತ್ (ಬ್ಯಾಟ್ಸ್‌ಮನ್‌ನಿಂದ ಸ್ವಲ್ಪ ಮುಂದೆ ಬೀಳುವ ಎಸೆತ) ಹಾಕಿದರೆ ಅದು ಸೊಂಟದ ಎತ್ತರಕ್ಕೆ ಬಂದು ಬ್ಯಾಟಿಗೆ ಸರಿಯಾಗಿ ಸಿಗುತ್ತದೆ, ಆಗ ಯಾರ್ಕರ್ (ಅವನ ಕಾಲ ಬುಡಕ್ಕೇ ಬೀಳುವ ಎಸೆತ) ಬೇಕು. ಒದ್ದೆ ಚೆಂಡಿನಲ್ಲಿ ಅದೇ ಗುಡ್ ಲೆಂತ್ ಮೊಣಕಾಲಿನ ಕೆಳಗೆ ಉಳಿಯುತ್ತದೆ, ಅಡ್ಡ ಬೀಸಿದವನ ಸ್ಟಂಪ್ ಹಾರುತ್ತದೆ. ಯಾರ್ಕರ್ ಆಗ ಅಪಾಯ. ಚೆಂಡು ಸ್ವಲ್ಪ ಬೇಗ ಜಾರಿದರೂ ನೆಲ ತಾಗದೆ ಹೋಗುವ ಫುಲ್‌ಟಾಸ್, ಇನ್ನೂ ಬೇಗ ಜಾರಿದರೆ ಸೊಂಟದ ಮೇಲಕ್ಕೆ ಹೋಗಿ ನೋಬಾಲ್. ಆರು ಓವರಿನ ಪಂದ್ಯದಲ್ಲಿ ಅಂಥ ಒಂದು ಚೆಂಡೇ ಫಲಿತಾಂಶ ಬದಲಿಸಬಹುದು. ಹಾಗಾಗಿ ಇಬ್ಬನಿ ಇಳಿದ ಮೇಲೆ ನನ್ನದು ಮಧ್ಯದ ಸ್ಟಂಪಿಗೆ ನೇರ ಗುಡ್ ಲೆಂತ್. ನಿಧಾನದ ಚೆಂಡು ಬೇಕಾದರೆ ಬೆರಳು ತಿರುಚುವುದಿಲ್ಲ, ಚೆಂಡನ್ನು ಅಂಗೈಯ ಒಳಕ್ಕೆ ತಳ್ಳಿ ಹಿಡಿದು ಅದೇ ಕೈವೇಗದಲ್ಲಿ ಬಿಡುತ್ತೇನೆ. ಮಾಮೂಲಿ ಎಸೆತಕ್ಕೂ ಎರಡು ಬೆರಳಿನ ಬದಲು ಮೂರು ಬೆರಳು ಮೇಲಿಟ್ಟರೆ ಜಾರುವುದು ಕಡಿಮೆ.

ಒರೆಸುವುದಕ್ಕೆ ತೆಳ್ಳಗಿನ ಹತ್ತಿಯ ಬೈರಾಸು (ಟವೆಲ್) ಎರಡು ಬೇಕು, ಒಂದು ಕೈಗೆ, ಒಂದು ಚೆಂಡಿಗೆ. ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೆಂಚಿನ ಮೇಲೆ ಬಿಟ್ಟರೆ ನಿಮ್ಮ ಓವರ್ ಬರುವ ಹೊತ್ತಿಗೆ ಅವೂ ಒದ್ದೆ. ಚೆಂಡನ್ನು ತಿಕ್ಕಬೇಡಿ, ತಿಕ್ಕಿದರೆ ನೂಲು ಎದ್ದು ಇನ್ನಷ್ಟು ನೀರು ಹಿಡಿಯುತ್ತದೆ. ಬೈರಾಸಿನಲ್ಲಿ ಸುತ್ತಿ ಎರಡೂ ಅಂಗೈಯಿಂದ ಒತ್ತಿ, ಜಾಗ ಬದಲಿಸಿ ಮತ್ತೆ ಒತ್ತಿ. ಬೈರಾಸಿನ ಒಣ ಮೂಲೆಯಲ್ಲಿ ಹೆಬ್ಬೆರಳಿನಿಂದ ಅದುಮಿ ನೋಡಿದಾಗ ಒದ್ದೆಯ ಗುರುತು ಮೂಡದಿದ್ದರೆ ಸಾಕು. ಅಂಪೈರ್ ಒಪ್ಪಿದ ಬಟ್ಟೆಯಿಂದ ಚೆಂಡು ಒಣಗಿಸಲು ನಿಯಮದಲ್ಲೇ ಅವಕಾಶವಿದೆ, ಟಾಸಿನ ಹೊತ್ತಿಗೇ ಬೈರಾಸು ತೋರಿಸಿಬಿಡಿ. ನೆಲಕ್ಕೆ ಉಜ್ಜುವುದಕ್ಕೆ ಅವಕಾಶವಿಲ್ಲ. ಕೈಗೆ ಪೌಡರ್ ಬೇಡವೇ ಬೇಡ, ಬೆವರು ಸೇರಿ ಹಿಟ್ಟಾಗಿ ಚೆಂಡಿಗೆ ಅಂಟುತ್ತದೆ. ಹಾಗೆ ಹೊರಗಿನ ವಸ್ತು ಚೆಂಡಿಗೆ ತಾಗಿಸುವುದು ನಿಯಮಕ್ಕೂ ವಿರುದ್ಧ.

ಇನ್ನು ಕಾಲು. ಕ್ರೀಸಿನ ಹತ್ತಿರದ ಕೆಂಪು ಮಣ್ಣಿನ ಹುಡಿಗೆ ಇಬ್ಬನಿ ಸೇರಿದರೆ ತೆಳ್ಳಗಿನ ಕೆಸರಿನ ಪದರ ಆಗುತ್ತದೆ. ನೋಡಲು ಗಟ್ಟಿ ನೆಲ, ಕಾಲಿಟ್ಟರೆ ಜಾರು. ಸುಣ್ಣದ ಗೆರೆಯೂ ಹಾಗೆಯೇ. ಮರದ ಮಿಲ್ಲಿನಿಂದ ಒಂದು ಗೋಣಿ ಒಣ ಮರದ ಹುಡಿ ತಂದಿಟ್ಟುಕೊಂಡು, ಮುಂದಿನ ಕಾಲು ಊರುವ ಜಾಗಕ್ಕೆ ಪ್ರತಿ ಇನ್ನಿಂಗ್ಸಿಗೆ ಮೊದಲು ಹಾಕಿಸುವುದು ಒಳ್ಳೆಯದು. ಪಂದ್ಯದ ನಡುವೆ ಹಾಕುವುದಕ್ಕೂ ನಿಯಮದ ಅಡ್ಡಿಯಿಲ್ಲ. ರನ್‌ಅಪ್ ಎರಡು ಮೂರು ಹೆಜ್ಜೆ ಕಡಿಮೆ ಮಾಡಿ, ಹಿಮ್ಮಡಿ ಊರುವ ಬದಲು ಪಾದ ಪೂರ್ತಿ ಊರಿ. ವೇಗ ಸ್ವಲ್ಪ ಹೋಗುತ್ತದೆ, ಮೊಣಕಾಲು ಉಳಿಯುತ್ತದೆ. ಹುಲ್ಲಿರುವ ಮೈದಾನವಾದರೆ ಇನ್ನಿಂಗ್ಸ್ ನಡುವೆ ಇಬ್ಬರು ಉದ್ದನೆಯ ದಪ್ಪ ಹಗ್ಗ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆದರೆ ಹುಲ್ಲಿನ ಮೇಲಿನ ನೀರು ಉದುರುತ್ತದೆ. ಕೂಳೆ ಇರುವ ಗದ್ದೆಯಲ್ಲಿ ಹಗ್ಗ ಸಿಕ್ಕಿಬೀಳುತ್ತದೆ, ಪ್ರಯೋಜನ ಇಲ್ಲ.

ಬೆಳಕಿನ ವಿಷಯದಲ್ಲಿ ಬೌಲರ್ ಕೇಳಬೇಕಾದದ್ದು ಒಂದೇ: ಎದುರಿನ ಕಂಬದ ಲೈಟ್ ಸ್ಟಂಪಿನ ನೇರಕ್ಕೆ ಇದೆಯೇ? ಇದ್ದರೆ ಕಂಬವನ್ನು ಬದಿಗೆ ಸರಿಸಲು ಹೇಳಿ. ಮೆಟಲ್ ಹ್ಯಾಲೈಡ್ ದೀಪಗಳಾದರೆ ಜನರೇಟರ್ ಒಮ್ಮೆ ನಿಂತಾಗ ಅವು ತಣಿದ ಮೇಲೆಯೇ ಮತ್ತೆ ಹೊತ್ತುವುದು, ಅಷ್ಟು ಹೊತ್ತು ಚೆಂಡನ್ನು ಬೈರಾಸಿನೊಳಗೆ ಇಡಿ. ಎಲ್‌ಇಡಿಗೆ ಆ ತೊಂದರೆ ಇಲ್ಲ.

ಟಾಸ್ ಗೆದ್ದರೆ ಏನು ಮಾಡಬೇಕೆಂಬುದು ಪಂದ್ಯದ ಹೊತ್ತಿನ ಮೇಲಿದೆ. ಸಂಜೆಯ ಮೊದಲ ಪಂದ್ಯಗಳಲ್ಲಿ ಇಬ್ಬನಿ ಏರುತ್ತಲೇ ಇರುವುದರಿಂದ ಮೊದಲು ಬೌಲಿಂಗ್ ಮಾಡುವುದು ಲಾಭ. ಹನ್ನೊಂದರ ಮೇಲಿನ ಪಂದ್ಯದಲ್ಲಿ ಎರಡೂ ಇನ್ನಿಂಗ್ಸ್ ಒದ್ದೆಯೇ, ಇಬ್ಬನಿಗಾಗಿ ಟಾಸಿನ ನಿರ್ಧಾರ ಬದಲಿಸಬೇಕಾಗಿಲ್ಲ. ಒಳ್ಳೆಯ ಸ್ಪಿನ್ನರ್ ಇದ್ದರೆ ಚೆಂಡು ಒಣಗಿರುವ ಮೊದಲೆರಡು ಓವರಿನಲ್ಲೇ ಅವನ ಬೌಲಿಂಗ್ ಮುಗಿಸಿ. ಕೊನೆಯ ಓವರ್, ವೇಗ ಕಡಿಮೆ ಇದ್ದರೂ ಸ್ಟಂಪಿಗೆ ನೇರ ಹಾಕುವವನಿಗೆ.