ಪುಟ್ಟ ಮಕ್ಕಳು ಟಿವಿ ನೋಡುವಾಗ ಹೆತ್ತವರ ಹೊಣೆ
ಎರಡು ವರ್ಷ ತುಂಬದ ಮಕ್ಕಳಿಗೆ ಟಿವಿ ಬೇಡವೆಂದೂ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಆದರೆ ಗಡಿಯಾರ ನೋಡಿದಷ್ಟಕ್ಕೆ ಹೆತ್ತವರ ಹೊಣೆ ಮುಗಿಯುವುದಿಲ್ಲ. ಕಥೆಗೂ ನಿಜಕ್ಕೂ, ಕಾರ್ಯಕ್ರಮಕ್ಕೂ ಜಾಹೀರಾತಿಗೂ ಇರುವ ವ್ಯತ್ಯಾಸ ಪುಟ್ಟ ಮಕ್ಕಳಿಗೆ ಸುಲಭವಾಗಿ ತಿಳಿಯದಿರುವುದರಿಂದ, ಹೊಸ ಕಾರ್ಯಕ್ರಮವನ್ನು ಮೊದಲು ನೀವೇ ನೋಡಿ, ಬಳಿಕ ಮಗುವಿನ ಪಕ್ಕದಲ್ಲಿ ಕುಳಿತು, ‘ಹಾಗೆ ಬಿದ್ದರೆ ನಿಜವಾಗಿ ನೋವಾಗುವುದಿಲ್ಲವೇ?’ ಎಂಬಂಥ ಪ್ರಶ್ನೆ ಕೇಳುತ್ತಾ ಮಾತನಾಡಿಸಿ. ಕಾರ್ಟೂನ್ ಎಂದ ಮಾತ್ರಕ್ಕೆ ಅದು ಮಕ್ಕಳಿಗಾಗಿಯೇ ಮಾಡಿದ್ದೆಂದು ನಂಬಬೇಡಿ. ದೊಡ್ಡವರು ನೋಡುವ ಧಾರಾವಾಹಿ, ಅಪರಾಧ ಸುದ್ದಿಗಳೂ ಆಟವಾಡುತ್ತಿರುವ ಮಗುವಿನ ಕಿವಿಗೆ ಬೀಳುತ್ತಿರುತ್ತವೆ (ನಾವು ಮರೆಯುವುದು ಇದನ್ನೇ). ಆಗ ಟಿವಿ ಆಫ್ ಮಾಡುವುದೇ ಲೇಸು. ಪೇರೆಂಟಲ್ ಲಾಕ್ (ಮಕ್ಕಳಿಗೆ ತಕ್ಕದ್ದಲ್ಲದ ಚಾನೆಲ್, ಕಾರ್ಯಕ್ರಮಗಳು ಪಿನ್ ಇಲ್ಲದೆ ತೆರೆಯದಂತೆ ತಡೆಯುವ ಸೌಲಭ್ಯ) ಬಳಸುವವರು ಅದರ ಪಿನ್ ಅನ್ನು ಮಗುವಿಗೆ ಕಾಣುವಂತೆ ಒತ್ತಬೇಡಿ.