ಕಾಲಿನ ಹುಣ್ಣು, ದೊಡ್ಡಪತ್ರೆ ಮತ್ತು ಒಂದು ಫೆಲ್ಟ್ ತುಂಡು: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದ ಆಸುಪಾಸು ಮನೆಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುವ ನರ್ಸ್ ನಾನು. ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜನನ್ನು ನೋಡಲು ಹೋಗಿದ್ದೆ. ಅಡಿಕೆ ತೋಟದವರು, ಸಕ್ಕರೆ ಕಾಯಿಲೆ 20 ವರ್ಷದ್ದು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ಒಂದು ರೂಪಾಯಿ ನಾಣ್ಯದಷ್ಟು ಹುಣ್ಣು. ಅದರ ಮೇಲೆ ಜಜ್ಜಿದ ದೊಡ್ಡಪತ್ರೆ ಸೊಪ್ಪು, ಅರಿಶಿನ ಎಲ್ಲ ಒಣಗಿ ಅಂಟಿಕೊಂಡಿತ್ತು.

"ನೋವು ಏನೂ ಇಲ್ಲ ಸಿಸ್ಟರೇ, ಹಾಗೆ ಸುಮ್ನಿದ್ದೆ" ಅಂದರು.

ನನಗೆ ಹೆದರಿಕೆ ಆಗುವುದು ಈ ಮಾತಿಗೇ. ಸ್ಪರ್ಶ ಗೊತ್ತಾಗುತ್ತದೆಯಾ ಅಂತ ನೋಡಲು, ಗಾಳದ ನೈಲಾನ್ ದಾರದಂಥ, 10 ಗ್ರಾಂ ಒತ್ತಡಕ್ಕೆ ಬಾಗುವ ಮೋನೋಫಿಲಮೆಂಟ್ ಒತ್ತಿ ನೋಡಿದೆ, ಎರಡೂ ಅಂಗಾಲಿನಲ್ಲಿ ಅವರಿಗೆ ಗೊತ್ತೇ ಆಗಲಿಲ್ಲ. ನರ ಸತ್ತಿದೆ. ನಮಗಾದರೆ ಕಾಲು ತಾನಾಗಿ ಕುಂಟುತ್ತದೆ, ಅವರು ಹುಣ್ಣಿನ ಮೇಲೆಯೇ ದಿನವಿಡೀ ನಡೆಯುತ್ತಾರೆ.

ಅಜ್ಜನ ಮಗ ಫೋನ್ ತೋರಿಸಿದ. ತೈವಾನಿನಲ್ಲಿ ದೊಡ್ಡಪತ್ರೆಯಿಂದಲೇ ಕ್ರೀಮ್ ಮಾಡಿದ್ದಾರೆ, ಮತ್ತೆ ನಾವು ಹಚ್ಚಿದ್ದರಲ್ಲಿ ತಪ್ಪೇನು ಅಂತ ಕೇಳಿದ. ವಿಷಯ ನಿಜವೇ. ದೊಡ್ಡಪತ್ರೆ ಮತ್ತು ಒಂದೆಲಗ, ಅಂದರೆ ನಮ್ಮ ತಿಮರೆ, ಇವೆರಡರಿಂದ ತೆಗೆದ ಸಾರದ ಕ್ರೀಮ್ ಅದು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 236 ಜನ ಇದ್ದರು. 16 ವಾರಗಳಲ್ಲಿ ಕ್ರೀಮ್ ಹಚ್ಚಿದವರಲ್ಲಿ ಶೇ. 60.7 ಮಂದಿಯ ಹುಣ್ಣು ಪೂರ್ತಿ ಮುಚ್ಚಿತು, ಬರೇ ಡ್ರೆಸ್ಸಿಂಗ್ ಮಾಡಿದವರಲ್ಲಿ ಶೇ. 35.1. ಒಳ್ಳೆಯ ಸುದ್ದಿ, ನನಗೂ ಖುಷಿಯಾಯಿತು. ಆದರೆ ಅದು ಶುದ್ಧ ಮಾಡಿ, ಅಳತೆ ಹಿಡಿದು ತಯಾರಿಸಿದ ಮದ್ದು. ಹಿತ್ತಲಿನ ಎಲೆಯ ಜೊತೆ ಮಣ್ಣೂ ಕ್ರಿಮಿಯೂ ಗಾಯದೊಳಗೆ ಹೋಗುತ್ತವೆ, ಅಲ್ವಾ?

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಕಾಲಿನ ನಾಡಿ ನೋಡಿದರು, ಎಲುಬಿಗೆ ಇಳಿದಿದೆಯಾ ಅಂತ ಎಕ್ಸ್‌ರೇ ತೆಗೆದರು, ಸುತ್ತಲಿನ ದಡ್ಡುಗಟ್ಟಿದ ಚರ್ಮ ಕೆತ್ತಿ ತೆಗೆದರು. ಇನ್ಸುಲಿನ್ ಶುರುವಾಯಿತು. ಹುಣ್ಣಿನ ಮೇಲೆ ಭಾರ ಬೀಳದ ಹಾಗೆ ಮಂಡಿವರೆಗಿನ ಪ್ಲಾಸ್ಟರ್ ಹಾಕುವುದೇ ಒಳ್ಳೆಯದು ಅಂದರು, ಅಜ್ಜ ಒಪ್ಪಲಿಲ್ಲ. ಹಾಗಾಗಿ ಕಂಬಳಿಯಂಥ ದಪ್ಪ ಮೆತ್ತನೆಯ ಫೆಲ್ಟ್ ಬಟ್ಟೆ ತಂದು, ಹುಣ್ಣಿನ ಜಾಗ ಬಿಟ್ಟು ಕುದುರೆ ಲಾಳದ ಹಾಗೆ ಕತ್ತರಿಸಿ ಅಂಟಿಸಿದೆ. ಭಾರ ಸುತ್ತಲಿಗೆ ಬೀಳಬೇಕು, ಹುಣ್ಣಿಗೆ ಬೀಳಬಾರದು. ದಿನಾ ಸಲೈನಿನಲ್ಲಿ ತೊಳೆದು ಡ್ರೆಸ್ಸಿಂಗ್. ಬಿಸಿನೀರಲ್ಲಿ ಕಾಲು ಅದ್ದುವುದು ಬೇಡವೇ ಬೇಡ ಅಂದೆ. ಸ್ಪರ್ಶ ಇಲ್ಲದ ಕಾಲು ಬೆಂದರೂ ಗೊತ್ತಾಗುವುದಿಲ್ಲ.

ವಾರಕ್ಕೊಮ್ಮೆ ಪಾರದರ್ಶಕ ಹಾಳೆ ಇಟ್ಟು ಹುಣ್ಣಿನ ಅಂಚನ್ನು ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. 4 ವಾರದಲ್ಲಿ ಅರ್ಧ ಆಗದಿದ್ದರೆ ಎಲ್ಲೋ ತಪ್ಪಿದೆ ಅಂತ ಲೆಕ್ಕ. 3ನೇ ವಾರವೂ ಗೆರೆ ಮೊದಲಿನಷ್ಟೇ ಇತ್ತು. ಫೆಲ್ಟ್ ಬಿಚ್ಚಿ ನೋಡುತ್ತೇನೆ, ಅಂಚಿನಲ್ಲಿ ಕೆಂಪು ಮಣ್ಣು. ಕೇಳಿದರೆ ಅಜ್ಜ ತಲೆ ತಗ್ಗಿಸಿದರು. ಕೊಳೆರೋಗಕ್ಕೆ ಉದುರಿದ ಅಡಿಕೆ ಹೆಕ್ಕಲು ಬೆಳಗ್ಗೆ ಬರಿಗಾಲಲ್ಲಿ ತೋಟಕ್ಕೆ ಇಳಿಯುತ್ತಿದ್ದರಂತೆ. ಬೈಯಲು ಮನಸ್ಸಾಗಲಿಲ್ಲ, ವರ್ಷದ ಸಂಪಾದನೆ ನೆಲದ ಮೇಲೆ ಬಿದ್ದಿರುವಾಗ ಯಾರು ಸುಮ್ಮನೆ ಕೂರುತ್ತಾರೆ? ಅಜ್ಜಿ ಹತ್ತಿರ ಕೂತು ಮಾತಾಡಿದೆ. ಹೆಕ್ಕುವ ಕೆಲಸ ಮಗನಿಗೆ, ಜಗಲಿಯಲ್ಲಿ ಕಾಲು ಮಣೆಯ ಮೇಲಿಟ್ಟು ಒಣ ಅಡಿಕೆ ಸುಲಿಯುವ ಕೆಲಸ ಅಜ್ಜನಿಗೆ. ಆಮೇಲೆಯೇ ಹುಣ್ಣು ಕುಗ್ಗತೊಡಗಿತು.

ತಳ ಕೆಂಪಾಗಿ ಚೊಕ್ಕಟವಾದ ಮೇಲೆ ಡಾಕ್ಟರು ಮಾಂಸ ಕಟ್ಟಲು ಸಹಾಯ ಮಾಡುವ ಗ್ರೋತ್ ಫ್ಯಾಕ್ಟರ್ ಜೆಲ್ ಬರೆದುಕೊಟ್ಟರು. ಇದರಲ್ಲಿ ಪಿಡಿಜಿಎಫ್ ಅಂತ ಒಂದು ಬಗೆ ಇದೆ, ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದ್ದು. ಇಜಿಎಫ್ ಇನ್ನೊಂದು. ಎರಡೂ ನಮ್ಮ ದೇಶದಲ್ಲಿ ಸಿಗುತ್ತವೆ, ಕ್ರಯ ಮಾತ್ರ ಜಾಸ್ತಿ. ಕೊಳೆತ ಗಾಯಕ್ಕೆ, ರಕ್ತ ಹರಿಯದ ಕಾಲಿಗೆ, ಅಥವಾ ಅದರ ಮೇಲೆಯೇ ನಡೆಯುವವರಿಗೆ ಹಚ್ಚಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಹುಣ್ಣು ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

13ನೇ ವಾರ ಹುಣ್ಣು ಮುಚ್ಚಿತು. ಈಗ ಅಜ್ಜನಿಗೆ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ, ಮನೆಯೊಳಗೂ. ದೊಡ್ಡಪತ್ರೆ ತಂಬುಳಿಗೆ ಹೋಗುತ್ತದೆ. ಅಜ್ಜಿ ರಾತ್ರಿ ಮೊಬೈಲ್ ಟಾರ್ಚ್ ಹಾಕಿ ಅಂಗಾಲು, ಬೆರಳ ಸಂದು ಎಲ್ಲ ನೋಡುತ್ತಾರೆ. ಹೋದ ತಿಂಗಳು ಕಿರುಬೆರಳ ಪಕ್ಕ ಒಂದು ಸಣ್ಣ ಗುಳ್ಳೆ ಕಂಡಿತಂತೆ. ಮರುದಿನ ನಾನು ದೋಸೆಗೆ ಕಾವಲಿ ಇಡುವ ಮೊದಲೇ ಅವರ ಫೋನ್ ಬಂತು.